ಅಗ್ಗ ಅಂತ ಪಾಯಿಂಟ್ ತಗೋಬೇಡಿ

ಡಿಸ್ನಿ ವೆಕೇಶನ್ ಕ್ಲಬ್ಬಿನ ಪಾಯಿಂಟ್ ತಗೋಳೋಣ ಅಂತಿದೀವಿ, ಯಾವ ರೆಸಾರ್ಟಿಂದು ಅಗ್ಗ? ಇವತ್ತು ಬಂದ ಮೆಸೇಜು. ಈ ಕ್ಲಬ್ಬಲ್ಲಿ ಒಂದು ಡಿಸ್ನಿ ರೆಸಾರ್ಟಿನ ಪಾಯಿಂಟ್ ಕೊಂಡ್ರೆ ಪ್ರತಿ ವರ್ಷ ಅಷ್ಟು ಪಾಯಿಂಟ್ ಸಿಗುತ್ತೆ, ಅದನ್ನ ಕೊಟ್ಟು ರೂಮ್ ಬುಕ್ ಮಾಡೋದು.

ರೇಟು ಆಮೇಲೆ ನೋಡೋಣ ಮಾರಾಯ್ತಿ. ಮಕ್ಕಳಿಗೆ ರಜೆ ಯಾವಾಗ, ಅದು ಹೇಳು ಮೊದಲು.

ಕೊಂಡ ರೆಸಾರ್ಟಿಗೆ 11 ತಿಂಗಳು ಮುಂಚೆಯೇ ಬುಕ್ ಮಾಡಬಹುದು. ಬೇರೆಯದಕ್ಕೆ 7 ತಿಂಗಳು. ಕ್ರಿಸ್‌ಮಸ್ ವಾರದ ಸ್ಟುಡಿಯೋ (ಒಂದೇ ಕೋಣೆಯ ರೂಮು) ಅಷ್ಟೊತ್ತಿಗೆ ಸಿಗೋದು ಬಹಳ ಕಷ್ಟ. ಹಾಗಾಗಿ ನಿಜವಾಗಿಯೂ ಉಳಿಯೋಕೆ ಇಷ್ಟ ಇರೋ ಕಡೆಯೇ ತಗೊಳ್ಳಿ.

ಇನ್ನು ಯೂಸ್ ಇಯರ್, ಅಂದ್ರೆ ನಿಮ್ಮ ಪಾಯಿಂಟಿನ ವರ್ಷ ಯಾವ ತಿಂಗಳಿಂದ ಶುರು ಅನ್ನೋದು. ಇದನ್ನ ಯಾರೂ ಕೇಳೋದೇ ಇಲ್ಲ, ಪೆಟ್ಟು ಬೀಳೋದು ಇಲ್ಲೇ.
ಪಾಯಿಂಟನ್ನ ಮುಂದಿನ ವರ್ಷಕ್ಕೆ ದಾಟಿಸೋಕೆ ಮೊದಲ 8 ತಿಂಗಳು ಮಾತ್ರ ಅವಕಾಶ. ಫೆಬ್ರವರಿ ಯೂಸ್ ಇಯರ್ ಅಂದ್ರೆ ಸೆಪ್ಟೆಂಬರ್ 30ಕ್ಕೆ ಬಾಗಿಲು ಬಂದ್. ಡಿಸೆಂಬರ್ ಪ್ರವಾಸ, ನವೆಂಬರಲ್ಲಿ ಮಗುಗೆ ಜ್ವರ ಬಂದು ಕ್ಯಾನ್ಸಲ್ ಆಯ್ತು ಅನ್ನಿ. ಜನವರಿ ಕೊನೆಯೊಳಗೆ ಬಳಸಲಿಲ್ಲ ಅಂದ್ರೆ ಅಷ್ಟೂ ಪಾಯಿಂಟ್ ಹೋಯ್ತು. ಅದೇ ಅಕ್ಟೋಬರ್ ಯೂಸ್ ಇಯರ್ ಆದ್ರೆ ಮೇ 31ರವರೆಗೆ ಟೈಮಿದೆ. ಡಿಸೆಂಬರಲ್ಲೇ ಹೋಗೋರಿಗೆ ಅದೇ ಸರಿ.

ಸ್ಟುಡಿಯೋದಲ್ಲಿ ಮೈಕ್ರೋವೇವ್, ಸಣ್ಣ ಫ್ರಿಜ್ ಇರುತ್ತೆ, ಒಲೆ ಇರಲ್ಲ. ಪುಟ್ಟ ಮಗು ಇದ್ರೆ ಒಂದು ಬೆಡ್‌ರೂಮಿನದು ಆರಾಮ: ಪೂರ್ತಿ ಅಡುಗೆಮನೆ, ಬಟ್ಟೆ ಒಗೆಯೋ ಮಷಿನ್ನು. ಪಾಯಿಂಟ್ ಮಾತ್ರ ಹೆಚ್ಚುಕಮ್ಮಿ ಎರಡರಷ್ಟು.

ರೀಸೇಲಲ್ಲಿ, ಅಂದ್ರೆ ಹಳೇ ಸದಸ್ಯರಿಂದ ಕೊಂಡ್ರೆ, ಅಗ್ಗ ಸಿಗುತ್ತೆ, ನಿಜ. ಆದ್ರೆ ರಿವಿಯೆರಾ ರೆಸಾರ್ಟಿನ ಪಾಯಿಂಟನ್ನ ರೀಸೇಲಲ್ಲಿ ತಗೊಂಡ್ರೆ ರಿವಿಯೆರಾದಲ್ಲಿ ಮಾತ್ರ ನಡೆಯುತ್ತೆ. ಬೋರ್ಡ್‌ವಾಕ್, ಬೀಚ್ ಕ್ಲಬ್ ರೆಸಾರ್ಟುಗಳ ಕರಾರು 2042ಕ್ಕೇ ಮುಗಿಯುತ್ತೆ.

ಮತ್ತೆ ಹೋಗಲಿ ಬಿಡಲಿ, ವಾರ್ಷಿಕ ಶುಲ್ಕ ಪಾಯಿಂಟ್ ಲೆಕ್ಕದಲ್ಲಿ ಕಟ್ಟಲೇಬೇಕು.