ಒಂದೇ ತಪ್ಪು, ಎರಡು ದಾರಿ

ಈ ವಾರ, ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಕೇಳಿದ ಮಾತೊಂದು ತಲೆಯಿಂದ ಹೋಗುತ್ತಿಲ್ಲ. ಮೇಜಿನ ಮೇಲೆ ಮೂರನೇ ತರಗತಿಯ ನೋಟ್‌ಬುಕ್ಕುಗಳು. 52ರಲ್ಲಿ 27 ಕಳೆದು ಹಲವರು 35 ಎಂದು ಬರೆದಿದ್ದರು.

‘ಗಮನವೇ ಇಲ್ಲ ಸರ್ ಈ ಮಕ್ಕಳಿಗೆ.’

‘ಹೇಗೆ ಮಾಡಿದ್ರಿ ಅಂತ ಅವರನ್ನೇ ಕೇಳಿದ್ರಾ ಮೇಡಂ?’

ಮೇಷ್ಟ್ರ ಮಾತಿನಲ್ಲಿ ಕೊಂಕಿರಲಿಲ್ಲ. ಮೇಡಂ ಮುಖ ಮಾತ್ರ ಬಿಗಿಯಿತು. ತಪ್ಪು ಅವರದ್ದಲ್ಲ, ಪಾಠದ ಬಗ್ಗೆ ಯಾರು ಏನು ಕೇಳಿದರೂ ತಪಾಸಣೆಯಂತೆ ಕೇಳಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಸಭೆ ನಡೆಸುವ ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಜಾಣರು, ಮಾಹಿತಿ ನಮೂನೆಗಳನ್ನು ಮಧ್ಯಾಹ್ನಕ್ಕೆ ತಳ್ಳಿ ನೋಟ್‌ಬುಕ್ಕುಗಳನ್ನೇ ಹರಡಿಸಿದರು.

ಆ 35ಕ್ಕೆ ಎರಡು ದಾರಿಗಳಿವೆ. ಬಿಡಿ ಸ್ಥಾನದಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆಯುವ ಮಗು 7ರಲ್ಲಿ 2 ಹೋದರೆ 5 ಎನ್ನುತ್ತದೆ. ಇನ್ನೊಂದು ಮಗು ಸರಿಯಾಗಿಯೇ ಹತ್ತು ತಂದು 12ರಲ್ಲಿ 7 ಕಳೆಯುತ್ತದೆ, ಅಲ್ಲೂ 5. ಆದರೆ ಹತ್ತರ ಸ್ಥಾನದ 5ನ್ನು 4 ಮಾಡಲು ಮರೆಯುತ್ತದೆ. ಬಿಡಿ ಅಂಕಿಗಳ ವ್ಯತ್ಯಾಸ 5 ಇದ್ದಾಗಲೆಲ್ಲ ಈ ಎರಡೂ ತಪ್ಪುಗಳು ಒಂದೇ ಉತ್ತರದಲ್ಲಿ ಅಡಗಿಕೊಳ್ಳುತ್ತವೆ. 61ರಲ್ಲಿ 34 ಕಳೆಯಲು ಕೊಡಿ: ಮೊದಲನೆಯದು 33 ಬರೆಯುತ್ತದೆ, ಎರಡನೆಯದು 37. ಮದ್ದೂ ಬೇರೆ. ಮೊದಲನೆಯದಕ್ಕೆ ಹತ್ತು ಕಡ್ಡಿಗಳ ಕಂತೆ ಬಿಚ್ಚಿಸಬೇಕು. ಎರಡನೆಯದು ಬಿಚ್ಚುವುದನ್ನು ಬಲ್ಲದು, ಉಳಿದ ಕಂತೆಗಳನ್ನು ಎಣಿಸಿ 6ನ್ನು ಹೊಡೆದು ಮೇಲೆ 5 ಬರೆಯುವ ಅಭ್ಯಾಸ ಸಾಕು. ಇಬ್ಬರಿಗೂ ಅದೇ ಲೆಕ್ಕವನ್ನು ಹತ್ತು ಸಲ ಬರೆಸಿದರೆ ತಪ್ಪೇ ಗಟ್ಟಿಯಾಗುತ್ತದೆ.

ಪಾಠ ಟಿಪ್ಪಣಿಯ ಕೊನೆಯ ಕಾಲಂನಲ್ಲಿ ‘ಪಾಠ ಯಶಸ್ವಿಯಾಗಿದೆ’ ಎಂದು ಗೀಚಿದರೆ ಇದು ಯಾವುದೂ ಕಾಣದು. ‘ಮೂವರು 33 ಬರೆದರು, ನಾಳೆ ಕಂತೆ’ ಎಂದು ಬರೆದರೆ ನಾಳೆಯ ಕೆಲಸ ಅಲ್ಲೇ ಇದೆ. ಕಾರ್ಡುಗಳ ಮೂಲಕ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿ ಹುಟ್ಟಿದ್ದೂ ಕಚೇರಿಯ ಸುತ್ತೋಲೆಯಿಂದಲ್ಲ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಒಟ್ಟಿಗೆ ಕೂತು ಕಾರ್ಡುಗಳನ್ನು ಮಾಡಿಕೊಂಡರು. ರಾಜ್ಯವ್ಯಾಪಿಯಾದಾಗ ಕಾರ್ಡು ಸಿದ್ಧವಾಗಿ ಬಂತು, ಕೂತು ಚರ್ಚಿಸುವುದು ಹಲವು ಕಡೆ ಹಿಂದೆ ಉಳಿಯಿತು.

ಮುಂದಿನ ಸಭೆಗೆ ಮೊದಲು ಒಬ್ಬರು ಪಾಠ ಮಾಡುತ್ತಾರೆ, ಇಬ್ಬರು ಹಿಂದೆ ಕೂರುತ್ತಾರೆ. ನೋಡಬೇಕಾದದ್ದು ಪಾಠ ಮಾಡುವವರನ್ನಲ್ಲ. ತಲಾ ಮೂರು ಮಕ್ಕಳನ್ನು ಆರಿಸಿಕೊಂಡು, ಅವರ ಪೆನ್ಸಿಲ್ ಎಲ್ಲಿ ನಿಂತಿತು, ಏನನ್ನು ಅಳಿಸಿದರು ಎಂಬುದನ್ನಷ್ಟೇ ಬರೆದುಕೊಳ್ಳಬೇಕು. ಚರ್ಚೆಯಲ್ಲಿ ಮೊದಲ ಮಾತು ಪಾಠ ಮಾಡಿದವರದ್ದೇ. ಆ ಪಾಠವನ್ನು ತಾನೇ ಮಾಡುತ್ತೇನೆಂದು ಕೈ ಎತ್ತಿದ್ದು ಆ ಮೇಡಂ.