ಕೋಟೆಕೆರೆಯ ಹಳದಿ-ಕಪ್ಪು ಏರೋಪ್ಲೇನ್ ಚಿಟ್ಟೆ ಯಾವ ಕುಲದ್ದು?

ಏರೋಪ್ಲೇನ್ ಚಿಟ್ಟೆ ಅಂದ್ರೆ ನಮ್ಮಲ್ಲಿ ಎಲ್ಲವೂ ಒಂದೇ. ಕೆಂಪಾದರೂ ಅದೇ, ನೀಲಿಯಾದರೂ ಅದೇ. ಸ್ವಲ್ಪ ಆಸಕ್ತಿ ಇರುವವರು ಬಣ್ಣ ನೋಡಿ ಹೆಸರು ಹೇಳಿಬಿಡುತ್ತಾರೆ. ನನ್ನ ತಕರಾರು ಇರುವುದು ಅಲ್ಲೇ. ಶಿರಸಿಯ ಕೋಟೆಕೆರೆಯಂಥ ಕಡೆ ಹಳದಿ-ಕಪ್ಪು ಪಟ್ಟೆಯ ದೊಡ್ಡದೊಂದು ಕಂಡರೆ ಬಣ್ಣ ನಂಬಿ ಪ್ರಯೋಜನ ಇಲ್ಲ, ಯಾಕಂದ್ರೆ ಬೇರೆ ಕುಟುಂಬದವೂ ಅದೇ ಬಣ್ಣದಲ್ಲಿ ಕೆರೆ ಮೇಲೆ ಹಾರುತ್ತವೆ.

ಮೊದಲು ಕಣ್ಣು ನೋಡಿ. ಕ್ಲಬ್‌ಟೇಲ್ ಅಂದ್ರೆ ಬಾಲದ ತುದಿ ಗದೆಯಂತೆ ಉಬ್ಬಿರುವ ಏರೋಪ್ಲೇನ್ ಚಿಟ್ಟೆಗಳು, ಅವುಗಳ ಕುಟುಂಬ ಗಾಂಫಿಡೇ. ಜಗತ್ತಿನಲ್ಲಿ ಸುಮಾರು ಸಾವಿರ ಪ್ರಭೇದಗಳಿವೆ. ಇವುಗಳ ಎರಡು ಕಣ್ಣುಗಳ ನಡುವೆ ಎದ್ದು ಕಾಣುವಷ್ಟು ಜಾಗ ಇರುತ್ತದೆ. ಕೆರೆ ಮೇಲೆ ಕೂರದೇ ಗಸ್ತು ತಿರುಗುವ, ಬೇರೆ ಕುಟುಂಬದ ಎಪಾಫ್ತಾಲ್ಮಿಯಾ ಕೂಡ ಹಳದಿ-ಕಪ್ಪೇ, ಆದರೆ ಅದರ ಕಣ್ಣುಗಳು ನೆತ್ತಿಯಲ್ಲಿ ಕೂಡಿಕೊಂಡಿರುತ್ತವೆ. ಇಷ್ಟಕ್ಕೇ ಅರ್ಧ ಕೆಲಸ ಮುಗೀತು.

ಇನ್ನು ಕುಲ, ಅಂದ್ರೆ ಕುಟುಂಬದೊಳಗಿನ ಹತ್ತಿರದ ಪ್ರಭೇದಗಳ ಗುಂಪು. ಎರಡು ಪದದ ವೈಜ್ಞಾನಿಕ ಹೆಸರಿನಲ್ಲಿ ಮೊದಲನೆಯದು ಕುಲದ್ದು. ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿ ಸಿಗುವ ಕ್ಲಬ್‌ಟೇಲ್ ಇಕ್ಟಿನೊಗಾಂಫಸ್ ರಾಪಾಕ್ಸ್. ಉದ್ದ ಸುಮಾರು 7 ಸೆಂಟಿಮೀಟರ್. ನೀರಿಗೆ ಬಾಗಿದ ಒಣಕಡ್ಡಿಯ ತುದಿಯಲ್ಲಿ ಕೂರುತ್ತದೆ, ಇನ್ನೊಂದು ಗಂಡು ಬಂದರೆ ಎದ್ದು ಓಡಿಸಿ ಮತ್ತೆ ಅದೇ ಕಡ್ಡಿಗೆ ವಾಪಸ್ ಬರುತ್ತದೆ, ಹಾಗಾಗಿ ಅಟ್ಟಿಸಿಕೊಂಡು ಹೋಗುವುದಕ್ಕಿಂತ ಸುಮ್ನೆ ಕಾದರೆ ಒಳ್ಳೇದು. ಹತ್ತಿರದಿಂದ ಬಾಲ ನೋಡಿ. ತುದಿಯಿಂದ ಹಿಂದಕ್ಕೆ ಎಣಿಸಿದರೆ ಮೂರನೇ ಖಂಡ, ಅಂದ್ರೆ ಹತ್ತರಲ್ಲಿ ಎಂಟನೆಯದು. ಅದರ ಎರಡೂ ಬದಿಗೆ ಪುಟ್ಟ ಎಲೆಯಂಥ ಕಪ್ಪು ಹಾಳೆ ಇಳಿಬಿದ್ದಿರುತ್ತದೆ.

ಪಶ್ಚಿಮ ಘಟ್ಟದ ಗಾಂಫಿಡಿಯಾ ಕೊಡಗುಎನ್ಸಿಸ್ ಹೆಚ್ಚುಕಡಿಮೆ ಇದೇ ಬಣ್ಣದ್ದು. ಅದಕ್ಕೆ ಈ ಹಾಳೆ ಇಲ್ಲ, ಮತ್ತು ಅದರ ವಾಸ ಹರಿಯುವ ನೀರಿನಲ್ಲಿ. ಆದರೂ ಎರಡೂ ಲಿಂಡೆನಿಯಿನೇ ಅನ್ನೋ ಒಂದೇ ಉಪಕುಟುಂಬದವು. ಹಾಗಾದರೆ ಹಾಳೆ ಇದ್ದದ್ದೆಲ್ಲ ಇಕ್ಟಿನೊಗಾಂಫಸ್ ಅಲ್ವಾ? ಅಲ್ಲ! ಮರಳಿನ ಹೊಳೆಗಳ ಪ್ಯಾರಾಗಾಂಫಸ್ ಲಿನಿಯೇಟಸ್‌ನ ಗಂಡಿಗೂ ಹಾಳೆ ಉಂಟು, ಎಂಟು ಮತ್ತು ಒಂಬತ್ತನೇ ಖಂಡದಲ್ಲಿ. ಅದು ಗಾತ್ರದಲ್ಲಿ ಚಿಕ್ಕದು, ಬಾಲದ ತುದಿಯ ಕೊಕ್ಕೆ ಕೆಳಕ್ಕೆ ಬಾಗಿರುತ್ತದೆ. ಇಂಥ ಕಡೆ ರೆಕ್ಕೆಯೇ ತೀರ್ಪು ಕೊಡೋದು. ರೆಕ್ಕೆಯ ಬುಡದ ಹತ್ತಿರ ನರಗಳು ಸೇರಿ ಒಂದು ತ್ರಿಕೋನ ಆಗಿರುತ್ತದೆ. ಇಕ್ಟಿನೊಗಾಂಫಸ್‌ನಲ್ಲಿ ಅದರೊಳಗೆ ಅಡ್ಡ ನರಗಳಿವೆ, ಪ್ಯಾರಾಗಾಂಫಸ್‌ನಲ್ಲಿ ತ್ರಿಕೋನ ಖಾಲಿ. ಒಂದೇ ಗುರುತು ಹಿಡಿದು ಕುಲ ಹೇಳಬಾರದು ಅಂತ ನಾನು ಹಟ ಮಾಡೋದು ಇದಕ್ಕೇ.

ಹೆಸರಿನ ವಿಚಾರ ಚಿಕ್ಕದು. ರಾಪಾಕ್ಸ್ ಪ್ರಭೇದವನ್ನು 1842ರಲ್ಲಿ ವಿವರಿಸಿದವರು ಫ್ರೆಂಚ್ ಕೀಟತಜ್ಞ ರಾಂಬುರ್. ಈ ಗುಂಪಿಗೆ ಆಗ ಇಟ್ಟ ಇಕ್ಟಿನಸ್ ಅನ್ನೋ ಕುಲನಾಮ ಮೊದಲೇ ಬೇರೆ ಜೀವಿಗೆ ಹೋಗಿತ್ತು. ಎರಡು ಪ್ರಾಣಿ ಕುಲಗಳಿಗೆ ಒಂದೇ ಹೆಸರು ನಡೆಯಲ್ಲ, ಹಾಗಾಗಿ 1934ರಲ್ಲಿ ಕೀಟತಜ್ಞ ಕೌಲಿ ಅದನ್ನು ಇಕ್ಟಿನೊಗಾಂಫಸ್ ಮಾಡಿದರು. ಈಗ ಪ್ರಭೇದಗಳ ಪಟ್ಟಿಗಳಲ್ಲಿ ಇದರ ಹೆಸರಿನ ಪಕ್ಕ ರಾಂಬುರ್ ಹೆಸರು ಕಂಸದೊಳಗೆ ಇರುತ್ತದೆ. ಪ್ರಭೇದ ಮೊದಲಿದ್ದ ಕುಲದಿಂದ ಬೇರೆ ಕುಲಕ್ಕೆ ಬಂದಿದೆ ಅಂತ ಆ ಕಂಸವೇ ತಿಳಿಸುತ್ತದೆ.

ಶಿರಸಿ, ಬನವಾಸಿ, ಕಾರವಾರದ ಕಡೆ ಫೋಟೋ ತೆಗೆಯುವವರಿಗೆ ಒಂದು ಕೋರಿಕೆ. ಹಿಡಿಯೋದು ಬೇಡ. ಮೇಲಿನಿಂದ ತಲೆ ಮತ್ತು ರೆಕ್ಕೆ, ಪಕ್ಕದಿಂದ ಬಾಲ, ಹೀಗೆ ಎರಡು ಫೋಟೋ ತೆಗೆಯಿರಿ, ಕೆರೆಯೋ ಹೊಳೆಯೋ ಅಂತಲೂ ಬರೆದಿಡಿ. ಬಾಲದ ತುದಿ ಎಲೆ ಮರೆಯಲ್ಲಿದ್ದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಇನ್ನೊಂದು ಕ್ಲಿಕ್ ಮಾಡಿ.