ಟಿಕೆಟ್ಟಿನ ಹಿಂದೆ ಬರೆದ ಬಾಕಿ

ನವನಗರ, ಬಾಗಲಕೋಟೆ
ಗುರುವಾರ, 13 ಫೆಬ್ರವರಿ 2025

ಸಂಜೆ ವಿದ್ಯಾಗಿರಿಯ ಹುಡುಗಿ ಕಿರುಚಿತ್ರದ ಸ್ಕ್ರಿಪ್ಟ್ ಹಿಡಿದುಕೊಂಡು ಬಂದಿದ್ದಳು. 12 ಪುಟ. ಪುಟಕ್ಕೊಂದು ನಿಮಿಷದ ಲೆಕ್ಕ ಸರಿಯಾಗಿದೆ. ನಾಯಕಿ ಬಸ್ ಕಂಡಕ್ಟರ್, ನಾಯಕ ಬ್ಯಾಂಕ್ ಕ್ಲಾರ್ಕ್. ಬಸ್ಸಿನೊಳಗೆ ನಡೆಯುವುದು ಒಂದೂಕಾಲು ಪುಟ, ಅದರಲ್ಲೂ ಕೆಲಸದ ಪಾಲಿಗೆ ಬಂದದ್ದು ‘ಅವಳು ಟಿಕೆಟ್ ಕೊಡುತ್ತಾಳೆ’ ಅನ್ನುವ ಒಂದೇ ಸಾಲು. ಉಳಿದದ್ದೆಲ್ಲ ಅವನು ಕಾಯುವುದು, ಅವಳು ಫೋನ್ ಕಟ್ ಮಾಡುವುದು, ಕೊನೆಗೆ ಹುಟ್ಟುಹಬ್ಬದ ಕೇಕಿನ ಮೇಲೆ ಮೇಣದಬತ್ತಿ ಕರಗುವುದು.

ಈ ಕೇಕು! ದುಡಿಯುವ ಹೆಣ್ಣಿನ ಪ್ರೇಮಕಥೆ ಅಂದರೆ ಸಾಕು, ಎಲ್ಲಿದ್ದರೂ ಬಂದು ಕೂರುತ್ತದೆ. 2006ರ ‘ದಿ ಡೆವಿಲ್ ವೇರ್ಸ್ ಪ್ರಾಡಾ’ದಲ್ಲೂ ಗೆಳೆಯನ ಹುಟ್ಟುಹಬ್ಬ ತಪ್ಪುತ್ತದೆ. ಆದರೆ ಆ ಚಿತ್ರದಲ್ಲಿ ತಲೆಯಲ್ಲಿ ಉಳಿಯುವುದು ಆಫೀಸು, ಅವನ ಮುನಿಸಲ್ಲ. ಕೇಕಿನ ದೃಶ್ಯದಲ್ಲಿ ಕೆಲಸ ಬರೀ ಗಡಿಯಾರ. ಅವಳು ನರ್ಸ್ ಆದರೂ ವಕೀಲೆ ಆದರೂ ಸಂಭಾಷಣೆಯ ಒಂದಕ್ಷರ ಬದಲಿಸಬೇಕಾಗಿಲ್ಲ. ನಾಯಕಿಯ ನೌಕರಿ ಬದಲಿಸಿ ನೋಡು, ಕಥೆ ಅಲುಗದಿದ್ದರೆ ಆ ನೌಕರಿ ಕಥೆಯೊಳಗೆ ಬಂದೇ ಇಲ್ಲ ಅಂದೆ.

“ಕೆಲಸಾನ ತೋರ್ಸಕೋತ ಕುಂತ್ರ ನೋಡೋರಿಗೆ ಬ್ಯಾಸರಾಗೂದಿಲ್ಲೇನ್ರಿ ಅಕ್ಕಾರ?”

ಆಗುತ್ತದೆ, ಪ್ರೀತಿಯನ್ನು ಅದರಿಂದ ಹೊರಗಿಟ್ಟರೆ. ‘ಬ್ರಾಡ್‌ಕಾಸ್ಟ್ ನ್ಯೂಸ್’ (1987) ನೋಡು. ಜೇನ್ ಟಿವಿ ಸುದ್ದಿಯ ನಿರ್ಮಾಪಕಿ. ತುರ್ತು ಪ್ರಸಾರ ನಡೆದಿದೆ, ಕ್ಯಾಮೆರಾ ಮುಂದೆ ಇವಳ ಮನಸ್ಸು ಸೆಳೆದ ನಿರೂಪಕ ಟಾಮ್, ಅವನ ಕಿವಿಯಲ್ಲಿ ಇವಳ ದನಿ. ಅತ್ತ ಮನೆಯಲ್ಲಿ ಟಿವಿ ನೋಡುತ್ತ ಕೂತ ಆರನ್, ಇವಳನ್ನು ಪ್ರೀತಿಸುವ ವರದಿಗಾರ, ಇವಳಿಗೆ ಫೋನಿನಲ್ಲಿ ಮಾಹಿತಿ ಕೊಡುತ್ತಾನೆ. ಅವನು ಅಲ್ಲಿ ಅಂದದ್ದು ಇವಳ ಬಾಯಿ ದಾಟಿ ಟಾಮ್‌ನ ಬಾಯಲ್ಲಿ ಬರುತ್ತದೆ. ಯಾರು ಯಾರನ್ನು ಬಯಸುತ್ತಾರೆ, ಯಾರು ಹೊರಗುಳಿದಿದ್ದಾರೆ, ಎಲ್ಲವೂ ಒಂದೇ ತಂತಿಯ ಮೇಲೆ. ಪ್ರೀತಿ ಮುರಿಯುವುದೂ ಕೆಲಸದಿಂದಲೇ. ಟಾಮ್ ಮಾಡಿದ ಸಂದರ್ಶನವೊಂದರಲ್ಲಿ ಅವನ ಕಣ್ಣೀರು ಕಾಣಿಸಿತ್ತು. ಸ್ಥಳದಲ್ಲಿದ್ದದ್ದು ಒಂದೇ ಕ್ಯಾಮೆರಾ. ಎದುರಿಗೆ ಕೂತವಳ ಮುಖದ ಮೇಲಿದ್ದ ಕ್ಯಾಮೆರಾ ಅದೇ ಹೊತ್ತಿಗೆ ಇವನ ಕಣ್ಣೀರು ಹಿಡಿದದ್ದು ಹೇಗೆ? ಆಮೇಲೆ ಬೇರೆಯಾಗಿ ಅತ್ತು ತೆಗೆಸಿ ನಡುವೆ ಸೇರಿಸಿದ್ದಾನೆ. ಸಂಕಲನ ಗೊತ್ತಿದ್ದವಳಿಗೆ ಮಾತ್ರ ಆಗುವ ಪ್ರೇಮಭಂಗ ಇದು. ಅವಳನ್ನು ಶಿಕ್ಷಕಿ ಮಾಡಿ ನೋಡು, ಕ್ಲೈಮ್ಯಾಕ್ಸೇ ಉಳಿಯುವುದಿಲ್ಲ.

ಸತ್ಯಜಿತ್ ರಾಯ್ ಇದನ್ನೇ 1963ರಲ್ಲಿ ‘ಮಹಾನಗರ’ದಲ್ಲಿ ಒಂದು ಫೋನ್ ಕರೆಯಿಂದ ಸಾಧಿಸಿದ್ದರು. ಮನೆಮನೆಗೆ ಹೋಗಿ ಹೆಣಿಗೆ ಯಂತ್ರ ಮಾರುವ ಆರತಿ. ನೌಕರಿ ಬಿಡು ಅಂದವನೂ ಗಂಡನೇ. ಅವನ ಬ್ಯಾಂಕು ಮುಳುಗಿದ ದಿನ, ಬಿಡಬೇಡ ಅಂತ ಅವಳ ಆಫೀಸಿಗೆ ಫೋನ್ ಮಾಡುವವನೂ ಅವನೇ.

ಇಷ್ಟಾದ ಮೇಲೆ ಸ್ಕ್ರಿಪ್ಟ್ ಮಡಚಿಟ್ಟು, ಪ್ರೀತಿಯ ಸುದ್ದಿಯೇ ಇಲ್ಲದೆ ನಾಯಕಿಯ ಡ್ಯೂಟಿ ಮಾತ್ರ ಬರೆಯಿಸಿದೆ. ಡಿಪೊದಲ್ಲಿ ಟಿಕೆಟ್ ಮಷೀನ್ ತಗೋಬೇಕು. ತನ್ನ ಸ್ವಂತ ದುಡ್ಡು ಎಷ್ಟಿದೆ ಅಂತ ಹತ್ತುವ ಮುಂಚೆಯೇ ವೇ ಬಿಲ್ಲಿನಲ್ಲಿ, ಅಂದರೆ ಡ್ಯೂಟಿಯ ಲೆಕ್ಕದ ಹಾಳೆಯಲ್ಲಿ, ಬರೆಯಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ, ಹೆಣ್ಣುಮಕ್ಕಳಿಗೆ ದುಡ್ಡಿಲ್ಲ, ಆದರೆ ಶೂನ್ಯ ಟಿಕೆಟ್ ಹರಿಯಲೇಬೇಕು, ನಿಗಮಕ್ಕೆ ಸರ್ಕಾರದ ಹಣ ಬರುವುದು ಆ ಲೆಕ್ಕದ ಮೇಲೆ. ಸಂತೆ ದಿನ ಬ್ಯಾಗಿನಲ್ಲಿ ನೋಟಿಲ್ಲ, ಹೆಬ್ಬೆರಳಿಗೆ ಬಿಡುವಿಲ್ಲ. ಮುಂದಿನ ಸ್ಟೇಜ್, ಅಂದರೆ ಟಿಕೆಟ್ ದರ ಬದಲಾಗುವ ಜಾಗ, ಬರುವುದರೊಳಗೆ ಎಲ್ಲರಿಗೂ ಕೊಟ್ಟು ಮುಗಿಸಬೇಕು. ನಡುದಾರಿಯಲ್ಲಿ ಚೆಕಿಂಗ್‌ನವರು ಹತ್ತಿದರೆ ತಲೆ ಎಣಿಸುತ್ತಾರೆ, ಬ್ಯಾಗಿನ ದುಡ್ಡು ಎಣಿಸುತ್ತಾರೆ. ಕಡಿಮೆಯಾದರೆ ತಪ್ಪು, ಹೆಚ್ಚಾದರೂ ತಪ್ಪು.

ಹೆಚ್ಚಾದರೂ ತಪ್ಪು ಅಂದಾಗ ಹುಡುಗಿ ಪೆನ್ನು ನಿಲ್ಲಿಸಿದಳು. ಅಲ್ಲೇ ಕಥೆ ಸಿಕ್ಕಿತು. ಅವನು ಗುಳೇದಗುಡ್ಡದ ಬಸ್ಸು ಹತ್ತಿ 500ರ ನೋಟು ಕೊಡುತ್ತಾನೆ. ಚಿಲ್ಲರೆ ಇಲ್ಲ. ಅವಳು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಾಳೆ. ಅವಳ ಕೈಬರಹ ಇದೆಯಲ್ಲ ಅಂತ ಅವನು ಬಾಕಿ ಇಸಿದುಕೊಳ್ಳದೆ, ಟಿಕೆಟ್ ಜೇಬಿಗಿಟ್ಟುಕೊಂಡು ಇಳಿದುಹೋಗುತ್ತಾನೆ. ಅವನ ಪಾಲಿಗೆ ಅದು ಪ್ರೇಮ. ಮುಂದಿನ ಸ್ಟಾಪಿನಲ್ಲಿ ಚೆಕಿಂಗ್‌ನವರು ಹತ್ತುತ್ತಾರೆ, ಇವಳ ಬ್ಯಾಗಿನಲ್ಲಿ ಲೆಕ್ಕಕ್ಕೆ ಸಿಗದ ದುಡ್ಡು. ಅವನಿಗೆ ಇವಳ ಕೆಲಸವೇ ಗೊತ್ತಿಲ್ಲ ಅನ್ನುವುದು ಮಾತಿಲ್ಲದೆ ಗೊತ್ತಾಗುತ್ತದೆ.

“ಈಗ ಎಲ್ಲಾರೂ ಫೋನಿಲೇ ಸ್ಕ್ಯಾನ್ ಮಾಡ್ತಾರಲ್ರಿ.”

ಮಾಡಲಿ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಅವನನ್ನು ಹತ್ತಿಸು.

ನಿಂತ ಬಸ್ಸಿನಲ್ಲಿ ಮಾತ್ರ ತೆಗೆಯಬೇಡ ಅಂದೆ. ಕಂಡಕ್ಟರ್ ಕಂಬಿ ಹಿಡಿಯುವುದಿಲ್ಲ, ಎರಡೂ ಕೈ ಮಷೀನಿಗೆ ಬೇಕು. ಸೊಂಟವನ್ನು ಸೀಟಿನ ಅಂಚಿಗೆ ಆನಿಸಿ ತಿರುವಿಗೆ ತಕ್ಕಂತೆ ವಾಲುತ್ತಾಳೆ. ನಿಂತ ಬಸ್ಸಿನಲ್ಲಿ ನಟಿ ಅದನ್ನು ಮಾಡಿದರೆ ಕುಡಿದವಳ ಹಾಗೆ ಕಾಣುತ್ತದೆ. ಓಡುವ ಬಸ್ಸಿನಲ್ಲಿ ಇಂಜಿನ್ ಸದ್ದಿಗೆ ಮಾತು ಹಾಳಾಗುವುದು ನಿಜ, ಆದರೆ ಈ ದೃಶ್ಯಕ್ಕೆ ಮಾತೆಷ್ಟು ಬೇಕು? ಬರೆಯುವ ಕೈ, ನೋಟು, ಮಡಚಿದ ಟಿಕೆಟ್. ಮೂರು ಕ್ಲೋಸಪ್. ಬಸ್ಸಿನದೇ ಚಿಂತೆ. ಮದುವೆ ಸೀಸನ್ ಏರುವುದರೊಳಗೆ ಒಂದು ದಿನದ ಬಾಡಿಗೆಗೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಮಳೆಗಾಲದ ತನಕ, ಅಷ್ಟರಲ್ಲಿ ಈ ಹುಡುಗಿಗೇ ಎಲ್ಲಾದರೂ ನೌಕರಿ ಸಿಕ್ಕಿರುತ್ತದೆ.